ಬಾದಾಮಿ ಹಾಲು ಮತ್ತು ಒಂದು ದೂರು

ಬಾದಾಮಿ ಹಾಲಿನ ವಾಸನೆ ಬಂದರೆ ನನ್ನ ಅಂಗೈ ಬೆವರುತ್ತದೆ. ನಗಬೇಡಿ. ಕೆಲವರಿಗೆ ಆಸ್ಪತ್ರೆಯ ಫಿನಾಯಿಲ್ ವಾಸನೆಗೆ, ಇನ್ನು ಕೆಲವರಿಗೆ ಪರೀಕ್ಷೆಯ ಗಂಟೆಗೆ ಹಾಗಾಗುತ್ತದಂತೆ. ನನಗೆ ಮಾತ್ರ ತೆಳು ಹಳದಿ ಬಣ್ಣದ, ಮೇಲೆ ಎರಡು ಚೂರು ಬಾದಾಮಿ ತೇಲುವ ಈ ಬಡಪಾಯಿ ಹಾಲಿಗೆ ಆಗುತ್ತದೆ. ಕಳೆದ ಶನಿವಾರ ನಮ್ಮ ತರಗತಿಗೆ ಹೊಸದಾಗಿ ಸೇರಿದ ಸಿಂಚನಾ ಎಂಬ ಹುಡುಗಿ ಒಂದು ಫ್ಲಾಸ್ಕಿನ ತುಂಬ ಅದನ್ನೇ ತಂದಳು. ಅವಳ ಅಪ್ಪನದು ಬೇಕರಿ. ನನಗೇ ಎಂದು ಕಳಿಸಿದ್ದಾರಂತೆ. ಮುಚ್ಚಳ ತಿರುಗಿಸಿದ್ದೇ ತಡ, ಏಲಕ್ಕಿ ಬೆರೆತ ಬಿಸಿ ಆವಿ ಮೂಗಿಗೆ ಬಡಿಯಿತು. ಆಮೇಲೆ ಕುಡಿಯುತ್ತೇನೆ ಎಂದು ಫ್ಲಾಸ್ಕನ್ನು ಮೇಜಿನ ತುದಿಗೆ ಸರಿಸಿ ಕೈ ಒರೆಸಿಕೊಂಡೆ.

ತರಗತಿ ಎಂದೆನಲ್ಲ, ಅದು ಯಾವ ಕಾಲೇಜಿಗೂ ಸೇರಿದ್ದಲ್ಲ. ಯಲಹಂಕ ಹಳೇ ಊರಿನಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಕೆಳಗೆ ರಾಗಿ ಬೀಸುವಾಗ ಮೇಲೆ ನೆಲ ನಡುಗುತ್ತದೆ, ಬೆಂಚುಗಳು ತಾವಾಗಿಯೇ ಅಂಗುಲ ಅಂಗುಲ ಸರಿಯುತ್ತವೆ. ಶನಿವಾರ ಮಧ್ಯಾಹ್ನ ಹದಿನೇಳು, ಹದಿನೆಂಟರ ಹುಡುಗ ಹುಡುಗಿಯರು ಬಂದು ಕಾನೂನು ಕಲಿಯುತ್ತಾರೆ. ಪುಸ್ತಕದ ಕಾನೂನಲ್ಲ. ವಾರ್ಡ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಹೇಗೆ, ಪೊಲೀಸರು ಗಾಡಿ ನಿಲ್ಲಿಸಿದರೆ ಏನು ತೋರಿಸಬೇಕು, ಠಾಣೆಯಲ್ಲಿ ದೂರು ಬರೆಸುವುದು ಹೇಗೆ, ಇಂಥವು. ಈಗ ನಾನು ನಡೆಸುತ್ತೇನೆ. ನಾನು ಕಲಿಯುವಾಗ ನಡೆಸುತ್ತಿದ್ದವರು ನಾಗರತ್ನ ಮೇಡಂ.

ಮೇಡಂ ಬಹಳ ವರ್ಷ ವಕೀಲರಾಗಿದ್ದು, ಮಂಡಿ ನೋವಿಗೆ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಬಿಟ್ಟವರು. ಗಿರಣಿಯ ಮೆಟ್ಟಿಲು ಹೇಗೆ ಹತ್ತುತ್ತಿದ್ದರು ಎಂದು ಕೇಳಬೇಡಿ; ನಾವೂ ಕೇಳುವ ಧೈರ್ಯ ಮಾಡಲಿಲ್ಲ. ಅವರ ಪಾಠದ ರೀತಿ ಒಂದೇ. ಮೇಜಿನ ಆಚೆ ಅವರು ಅಧಿಕಾರಿ, ಈಚೆ ನಾವು ಅರ್ಜಿದಾರರು. ಅವರು ಕಡಲೆಕಾಯಿ ಸುಲಿಯುತ್ತ, ನಮ್ಮ ಮುಖ ನೋಡದೆ, "ಏಯ್, ಯಾರ್ ನೀನು? ಇದು ನಮ್ ಏರಿಯಾ ಅಲ್ಲ. ನಡಿ ನಡಿ" ಎಂದು ಗದರಿ ಸ್ಟೀಲ್ ಡಬ್ಬಿಯನ್ನು ಮೇಜಿಗೆ ಕುಟ್ಟುತ್ತಿದ್ದರು. ನಾವು ಹೆದರದೆ ಮೂರು ಮಾತು ಹೇಳಬೇಕು: ದೂರು ಬರೆದುಕೊಳ್ಳಿ; ಏರಿಯಾ ಯಾವುದಾದರೂ ಬರೆದುಕೊಳ್ಳಲೇಬೇಕು, ಆಮೇಲೆ ಸೇರಬೇಕಾದ ಠಾಣೆಗೆ ನೀವೇ ಕಳಿಸಿ; ಒಂದು ಪ್ರತಿ ಕೊಡಿ, ಅದಕ್ಕೆ ದುಡ್ಡಿಲ್ಲ.

ನನಗೆ ದಿನಚರಿ ಬರೆಯುವ ಚಟ, ಅದರಲ್ಲೂ ಗೆರೆ ಎಳೆದು ಲೆಕ್ಕ ಇಡುವ ಚಟ. ಅಮ್ಮ ದಿನಕ್ಕೆ ಎಷ್ಟು ಸಲ ನಿಟ್ಟುಸಿರು ಬಿಟ್ಟಳು ಎಂದು ಕೂಡ ಒಂದು ತಿಂಗಳು ಬರೆದಿದ್ದೆ; ಅವಳಿಗೆ ಗೊತ್ತಾದ ದಿನ ಲೆಕ್ಕ ತಪ್ಪಿತು. ಮೇಡಂ ಈ ಚಟಕ್ಕೆ ಒಂದು ಕೆಲಸ ಕೊಟ್ಟರು. ಅಭಿನಯದಲ್ಲಿ ಯಾರು ಎಷ್ಟು ಸಲ "ಸಾರಿ ಸರ್" ಅನ್ನುತ್ತಾರೆ ಎಂದು ನಾನು ಗೆರೆ ಹಾಕಬೇಕು. ಹಕ್ಕು ಕೇಳುವವರು ಸಾರಿ ಯಾಕೆ ಅನ್ನಬೇಕು ಎನ್ನುವುದು ಅವರ ಸಿದ್ಧಾಂತ. ಮೊದಮೊದಲು ಎಲ್ಲರ ಹೆಸರಿನ ಮುಂದೆಯೂ ಬೇಲಿ ಕಟ್ಟಿದಷ್ಟು ಗೆರೆ. ಹೋಗ್ತಾ ಹೋಗ್ತಾ ಕಡಿಮೆಯಾದವು. ನಾವು ಎಷ್ಟು ಗಟ್ಟಿಯಾದೆವೆಂದರೆ, ಮನೆಯಲ್ಲಿ ಕೊತ್ತಂಬರಿ ತರಲು ಹೇಳಿದಾಗ ಯಾವ ನಿಯಮದಡಿ ಎಂದು ಕೇಳಿ ನಾನು ಏಟು ತಿಂದೆ.

ಎಲ್ಲರಿಗಿಂತ ಬೇಗ ಗೆರೆ ಅಳಿಸಿಕೊಂಡವಳು ಮಮತಾ. ಬಿ.ಕಾಂ. ಮೊದಲ ವರ್ಷ, ಆಗಷ್ಟೇ ಹದಿನೆಂಟು ತುಂಬಿತ್ತು. ಜಕ್ಕೂರಿನಿಂದ ಬರುತ್ತಿದ್ದಳು. ಹಿಂದೆ ಹೊಲ ಉಳುತ್ತಿದ್ದ ಮನೆತನ, ಹೊಲದಲ್ಲೀಗ ಅಪಾರ್ಟ್‌ಮೆಂಟುಗಳು; ಅವಳಪ್ಪ ಕೃಷ್ಣಪ್ಪನವರೇ ಕಟ್ಟಿಸಿದ್ದು. ಮಮತಾ ಮೇಜಿನ ಮುಂದೆ ನಿಂತರೆ ಮೇಡಂ ಡಬ್ಬಿ ಕುಟ್ಟಿ ಕುಟ್ಟಿ ಸುಸ್ತಾಗುತ್ತಿದ್ದರು.

ಒಂದು ದಿನ ತರಗತಿ ಮುಗಿದ ಮೇಲೆ ಅವಳು ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು ಕೂರಿಸಿ ಫೋನು ತೋರಿಸಿದಳು. ಟ್ಯೂಷನ್ನಿನಲ್ಲಿ ಪರಿಚಯವಾಗಿ, ಸ್ನೇಹವಾಗಿ, ಅವಳೇ ಬಿಟ್ಟುಬಿಟ್ಟಿದ್ದ ಒಬ್ಬ ಹುಡುಗ. ವಿಡಿಯೋ ಕರೆಯಲ್ಲಿ ಅವಳಿಗೆ ತಿಳಿಯದಂತೆ ಚಿತ್ರ ಹಿಡಿದಿಟ್ಟುಕೊಂಡಿದ್ದ. ಮತ್ತೆ ಮಾತಾಡದಿದ್ದರೆ ಭಾನುವಾರ ಅವಳ ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ ಎಂದು ಬರೆದಿದ್ದ. ಆ ದಿನ ಗುರುವಾರ. ಹಬ್ಬದ ವಾರವಾದ್ದರಿಂದ ಶನಿವಾರದ ತರಗತಿ ಎರಡು ದಿನ ಮೊದಲೇ ನಡೆದಿತ್ತು. ಅಪ್ಪನಿಗೆ ಗೊತ್ತಾದರೆ ಕಾಲೇಜು ನಿಂತ ಹಾಗೇ ಎಂದಳು. ಅಳಲಿಲ್ಲ. ಅಳದಿದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಮೇಡಂಗೆ ಹೇಳಿದೆವು. ಅವರು ಕೂತು ದೂರು ಬರೆಸಿದರು. ತಾವೂ ಬರುತ್ತೇನೆಂದರೂ ಮಮತಾ ಬೇಡವೆಂದಳು. ಇಷ್ಟು ಕಲಿತು ನಿಮ್ಮ ಸೆರಗು ಹಿಡಿದು ಹೋದರೆ ಏನು ಬಂತು ಮೇಡಂ ಎಂದಳು. ಶುಕ್ರವಾರ ಮಧ್ಯಾಹ್ನ ನಾವಿಬ್ಬರೇ ಹೊರಟೆವು. ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯದು ಅಂದುಕೊಳ್ಳಿ. ದಾರಿಯುದ್ದಕ್ಕೂ ನಾನು ಅವಳಿಗೆ ಆ ಮೂರು ಮಾತು ಒಪ್ಪಿಸುತ್ತಿದ್ದೆ, ನನಗೇ ಎರಡನೆಯದು ಮರೆಯುತ್ತಿತ್ತು.

ಒಳಗೆ ಮೇಜಿನ ಆಚೆ ಕೂತಿದ್ದ ಸಾಹೇಬರು ಕಡಲೆಕಾಯಿ ತಿನ್ನುತ್ತಿರಲಿಲ್ಲ. ನಮ್ಮನ್ನು ನೋಡಿ ತಾವೇ ಎದ್ದು ಫ್ಯಾನು ನಮ್ಮ ಕಡೆ ತಿರುಗಿಸಿದರು.

"ಬಾರಮ್ಮ, ಕೂತ್ಕೊ. ಬಿಸಿಲಲ್ಲಿ ಬಂದಿದೀರ. ಯಾರ ಮನೆ ಮಗು ನೀನು?"

ಈ ಪ್ರಶ್ನೆ ನಮ್ಮ ಪಾಠದಲ್ಲಿ ಇರಲಿಲ್ಲ. ಆದರೆ ಇದಕ್ಕೆ ಉತ್ತರ ಕೊಡುವುದನ್ನು ನಮ್ಮ ಕಡೆ ಮಾತು ಬಂದ ದಿನದಿಂದ ಕಲಿಸಿರುತ್ತಾರೆ. ದೊಡ್ಡವರು ಕೇಳಿದರೆ ಅಪ್ಪನ ಹೆಸರು, ತಾತನ ಹೆಸರು, ಮನೆ ಎಲ್ಲಿ ಬರುತ್ತದೆ, ಎಲ್ಲ ಒಂದೇ ಉಸಿರಿಗೆ ಹೇಳಬೇಕು. ಮಮತಾ ಹೇಳಿದಳು.

"ಅಯ್ಯೋ, ಕೃಷ್ಣಪ್ಪನೋರ ಮಗಳಾ? ನಮ್ಮೋರೇ ಅಲ್ವೇನಮ್ಮ."

ಆಮೇಲೆ ಎಲ್ಲವೂ ಬಹಳ ಚೆನ್ನಾಗಿ ನಡೆಯಿತು. ಅದನ್ನೇ ನಾನು ನಿಮಗೆ ಹೇಗೆ ವಿವರಿಸಬೇಕೋ ತಿಳಿಯದು. ಎದುರಿನ ಬೇಕರಿಯಿಂದ ಪೇಪರ್ ಲೋಟದಲ್ಲಿ ಬಿಸಿ ಬಾದಾಮಿ ಹಾಲು ಬಂತು. ಅವರು ದೂರನ್ನು ಪೂರ್ತಿ ಓದಿದರು, ಲೊಚಗುಟ್ಟಿದರು, ತಮಗೂ ಇದೇ ವಯಸ್ಸಿನ ಮಗಳಿದ್ದಾಳೆ ಎಂದರು. ಕೇಸು ಎಂದರೆ ಕೋರ್ಟು, ಕೋರ್ಟು ಎಂದರೆ ವರ್ಷಗಟ್ಟಲೆ ಅಲೆದಾಟ, ನಾಳೆ ಮದುವೆ ಮಾತು ಬಂದಾಗ ನಾಲ್ಕು ಜನ ನಾಲ್ಕು ತರಹ ಅನ್ನುತ್ತಾರೆ; ಹುಡುಗನನ್ನು ಕರೆಸಿ ತಾವೇ ಬುದ್ಧಿ ಹೇಳುತ್ತೇವೆ ಎಂದರು. ಹೇಳುತ್ತಲೇ ಫೋನು ತೆಗೆದು ಕೃಷ್ಣಪ್ಪನವರಿಗೆ ಕರೆ ಮಾಡಿದರು. ತಡೆಯಬೇಕೆಂದು ನಮಗೆ ಹೊಳೆಯುವಷ್ಟರಲ್ಲಿ ಅತ್ತ ಕಡೆಯಿಂದ ಹಲೋ ಕೇಳಿಸಿತು. ನನ್ನ ಕೈಯಲ್ಲಿದ್ದ ಲೋಟ ಬಿಸಿಯಾಗಿತ್ತು, ಕೈ ಮಾತ್ರ ತಣ್ಣಗೆ ಬೆವರುತ್ತಿತ್ತು. ಮಮತಾ ತನ್ನ ಲೋಟ ಖಾಲಿ ಮಾಡಿದ್ದಳು. ಅವತ್ತು ಅವಳು ಒಂದು ಸಲವೂ ಸಾರಿ ಅನ್ನಲಿಲ್ಲ.

ಅವಳಪ್ಪ ಬಂದು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಗಳ ತಲೆ ಮೇಲೆ ಕೈ ಇಟ್ಟು, "ಇಲ್ಲಿಗೆಲ್ಲ ಯಾಕವ್ವ ಬಂದೆ? ನಾನಿಲ್ವಾ? ಏಳು, ಮನೆಗೋಗಣ" ಎಂದರು. ಸಾಹೇಬರು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಗೇಟಿನ ಹತ್ತಿರ ನಾನು ಅವಳ ಚೂಡಿದಾರದ ತುದಿ ಎಳೆದು, ಈಗಲೂ ಒಳಗೆ ಹೋಗಿ ಬರೆದುಕೊಳ್ಳಿ ಅಂತ ಕೇಳು ಎಂದು ಪಿಸುಗುಟ್ಟಿದೆ.

"ಹಾಲು ಕುಡಿದ್ಬಿಟ್ನಲ್ಲೇ," ಎಂದಳು. "ಈಗ ಹೆಂಗೆ ಕೇಳೋದು?"

ಮುಂದಿನ ಶನಿವಾರ ಮೇಡಂ ಮೇಜಿನ ಆಚೆ ಕೂರಲಿಲ್ಲ. ನಮ್ಮ ಬೆಂಚಿನಲ್ಲೇ ಬಂದು ಕೂತರು. ಗಿರಣಿ ನಿಂತಾಗ, "ನಾನು ನಿಮಗೆ ಒಬ್ಬನೇ ಪೊಲೀಸನ್ನ ಕಲಿಸಿದ್ದೆ ಕಣ್ರೇ, ಬೈಯೋನನ್ನ" ಎಂದರು.

ಹುಡುಗನನ್ನು ಕರೆಸಿದ್ದು ನಿಜ. ಅವನ ಅಪ್ಪ ಕೈ ಮುಗಿದ, ಎಲ್ಲರೆದುರು ಚಿತ್ರಗಳನ್ನು ಅಳಿಸಲಾಯಿತು, ಭಾನುವಾರ ಏನೂ ಆಗದೆ ಕಳೆಯಿತು. ಮಮತಾಳ ಫೋನನ್ನು ಅವಳ ಒಳ್ಳೆಯದಕ್ಕೇ ಎಂದು ಮನೆಯವರು ತೆಗೆದಿಟ್ಟರು. ಕಾಲೇಜಿಗೆ ಪರೀಕ್ಷೆಗಷ್ಟೇ, ಅದೂ ಅಪ್ಪನ ಕಾರಿನಲ್ಲಿ. ಆಗಾಗ ಅತ್ತಿಗೆಯ ಫೋನಿನಿಂದ ನನಗೆ ಒಂದು ಸಾಲು ಬರುತ್ತಿತ್ತು. ಬರದ ದಿನ ನಾನು ದಿನಚರಿಯಲ್ಲಿ ಖಾಲಿ ವೃತ್ತ ಬರೆದು ನಿದ್ದೆಗೆಡುತ್ತಿದ್ದೆ. ಕೆಲವು ವಾರಗಳ ನಂತರ ಬಂದ ಸಾಲು ಇಷ್ಟೇ: ಅವನ ಹತ್ತಿರ ಇನ್ನೊಂದು ಪ್ರತಿ ಇದೆ, ಹೊಸ ನಂಬರಿನಿಂದ ಅತ್ತಿಗೆಗೆ ಕಳಿಸಿದ್ದಾನೆ, ಅತ್ತಿಗೆ ಇನ್ನೂ ಯಾರಿಗೂ ಹೇಳಿಲ್ಲ.

ಕೊನೆಯ ಪರೀಕ್ಷೆ ಮಧ್ಯಾಹ್ನಕ್ಕೇ ಮುಗಿಯಿತು. ಕಾರು ಸಂಜೆ ಬರುವುದು. ಗೇಟಿನ ಹೊರಗೆ ಕಾಯುತ್ತಿದ್ದ ನನ್ನನ್ನು ಅವಳು ನೇರ ಯಲಹಂಕ ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋದಳು. ಎಲ್ಲಿಗೆ ಎಂದರೆ, "ನಮ್ಮಪ್ಪ ಯಾರು ಅಂತ ಗೊತ್ತಿಲ್ದಿರೋ ಕಡೆಗೆ" ಎಂದಳು. ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು ಎಂಬ ಎರಡನೆಯ ಮಾತನ್ನು ಮೇಡಂ ನಮಗೆ ಕಲಿಸಿದ್ದು, ಏರಿಯಾ ನೆಪ ಹೇಳಿ ಓಡಿಸುವವರಿಗೆ ಉತ್ತರವೆಂದು. ಅದರಿಂದ ಹೀಗೂ ಒಂದು ಬಾಗಿಲು ತೆಗೆಯಬಹುದೆಂದು ನನಗೆ ಆವರೆಗೆ ಹೊಳೆದಿರಲಿಲ್ಲ. ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ ದಾಟುವಾಗಲೆಲ್ಲ ರೈಲಿಗೆ ಹತ್ತಿದ ಪ್ರತಿಯೊಬ್ಬರೂ ಕೃಷ್ಣಪ್ಪನವರ ನೆಂಟರಂತೆ ಕಂಡರು. ಯಶವಂತಪುರದಲ್ಲಿ ಇಳಿದು, ಮೊದಲು ಸಿಕ್ಕ ಬಸ್ಸು ಹತ್ತಿ, ನಮಗಿಬ್ಬರಿಗೂ ಹೆಸರು ಗೊತ್ತಿಲ್ಲದ ಒಂದು ಬಡಾವಣೆಯಲ್ಲಿ ಇಳಿದೆವು. ಠಾಣೆ ಎಲ್ಲಿ ಎಂದು ಹೂ ಮಾರುವವಳನ್ನು ಕೇಳಿದೆವು.

ಅಲ್ಲಿ ಮೇಜಿನ ಆಚೆಯಿದ್ದವರು ತಲೆ ಎತ್ತಲಿಲ್ಲ.

"ಏನು? ಎಲ್ಲಿಂದ? ಯಲಹಂಕನಾ? ಅಲ್ಲಿಂದ ಇಲ್ಲಿಗ್ಯಾಕ್ ಬಂದ್ರಿ? ನಮ್ ಏರಿಯಾ ಅಲ್ಲ, ನಡೀರಿ."

ನಾನು ಮಮತಾಳ ಮುಖ ನೋಡಿದೆ. ಅಷ್ಟು ವಾರಗಳ ನಂತರ ಅದರಲ್ಲೊಂದು ನಿರಾಳ. ಪ್ರಶ್ನೆಪತ್ರಿಕೆಯಲ್ಲಿ ಓದಿದ ಪ್ರಶ್ನೆಯೇ ಬಂದವರ ಹಾಗೆ. ಕುರ್ಚಿ ಎಳೆದು ಕೂತಳು. ಮೂರು ಮಾತನ್ನೂ ಕ್ರಮವಾಗಿ ಹೇಳಿದಳು. ಅವರು ಗೊಣಗಿದರು, ಇನ್ನೊಬ್ಬರನ್ನು ಕರೆದು ಗೊಣಗಿದರು, ಕಡೆಗೆ ಒಬ್ಬ ಮಹಿಳಾ ಪೊಲೀಸರನ್ನು ಕರೆಸಿದರು. ಆಕೆ ಬರೆಯಲು ಕೂತರು. ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ. ತಂದೆಯ ಹೆಸರು ಕೇಳಿ ಆಕೆಯ ಹುಬ್ಬು ಅಲುಗಲಿಲ್ಲ. ಮುಂದಿನ ಕಾಲಂಗೆ ಹೋದರು.

ಆದರೆ ಬರೆದು, ಓದಿ ಹೇಳಿ, ಸಹಿ ಹಾಕಿಸಿ, ಪ್ರತಿ ಕೊಡುವಷ್ಟರಲ್ಲಿ ಹೊತ್ತು ಮೀರಿತ್ತು. ಕಾಲೇಜಿನ ಮುಂದೆ ಕಾರು ಬಂದು ನಿಂತಿರುತ್ತದೆ. ಏನು ಸುಳ್ಳು ಹೇಳುವುದೆಂದು ನಾನು ಹುಡುಕುತ್ತಿದ್ದೆ. ಮಮತಾ ನನ್ನ ಫೋನು ಕಿತ್ತುಕೊಂಡಳು.

"ಅಪ್ಪಾ, ನಾನು ಪೊಲೀಸ್ ಸ್ಟೇಷನ್ನಲ್ಲಿದೀನಿ. ಬರೆಸ್ಕೊಂಡಾಯ್ತು. ಈಗ ಬಂದು ಕರ್ಕೊಂಡ್ಹೋಗು."

ಪ್ರತಿಯ ಮೇಲಿದ್ದ ಠಾಣೆಯ ಹೆಸರನ್ನು ಓದಿ ಹೇಳಿದಳು. ಅವರು ಬರುವವರೆಗೆ ನಾವು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆವು. ಅಷ್ಟು ಉದ್ದದ ಸಂಜೆಯನ್ನು ನಾನು ಆಮೇಲೆ ಕಂಡಿಲ್ಲ. ಕೃಷ್ಣಪ್ಪನವರು ಕಾರಿಗೆ ಒರಗಿ ನಿಂತು ಆ ಕಾಗದವನ್ನು ನಿಧಾನವಾಗಿ, ತುಟಿ ಅಲುಗಿಸುತ್ತ ಓದಿದರು. ಮತ್ತೆ ಮೊದಲಿಂದ ಓದಿದರು.

"ನನ್ನೆಸ್ರೂ ಐತಲ್ಲ ಇದ್ರಲ್ಲಿ" ಎಂದರು.

"ಐತಪ್ಪ. ನನ್ನ ಹೆಸರಿನ ಕೆಳಗೆ."

ಅವರು ಕಾಗದ ಮಡಚಿ ಅವಳ ಕೈಗೇ ಕೊಟ್ಟರು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳ ನಡುವೆ ಕಾರು ಸಿಕ್ಕಿಕೊಂಡಿದ್ದಾಗ, ಹಿಂದೆ ತಿರುಗದೆ, ನಮಗೆ ಹಸಿವಾಗಿದೆಯಾ ಎಂದು ಕೇಳಿದರು.

ಕಾಲೇಜು ನಿಲ್ಲಲಿಲ್ಲ. ಹುಡುಗನ ಫೋನು, ಲ್ಯಾಪ್‌ಟಾಪು ಎರಡನ್ನೂ ಪೊಲೀಸರು ವಶಕ್ಕೆ ತೆಗೆದುಕೊಂಡರು. ಕೇಸು ಇನ್ನೂ ನಡೆಯುತ್ತಿದೆ. ಅಲೆದಾಟದ ವಿಷಯದಲ್ಲಿ ಆ ಮೊದಲ ಸಾಹೇಬರು ಹೇಳಿದ್ದು ಸುಳ್ಳಲ್ಲ. ಮಮತಾ ಈಗ ಚಿಕ್ಕಬಾಣಾವರದಲ್ಲಿ ಒಬ್ಬ ಆಡಿಟರ್ ಬಳಿ ಕೆಲಸ ಮಾಡುತ್ತಾಳೆ. ಕೋರ್ಟಿನ ಪ್ರತಿ ವಾಯಿದೆಯ ಹಿಂದಿನ ದಿನ ನನಗೆ ಸಂದೇಶ ಕಳಿಸುತ್ತಾಳೆ, ಅವತ್ತು ನನಗೂ ಊಟ ಸೇರುವುದಿಲ್ಲ. ಇನ್ನೊಂದು ಪ್ರತಿ ಎಲ್ಲೂ ಉಳಿದಿಲ್ಲವೆಂದು ಯಾರು ಹೇಳಬಲ್ಲರು?

ಇಷ್ಟೂ ಕಳೆದ ಶನಿವಾರ ಆ ಫ್ಲಾಸ್ಕಿನ ಆವಿಯಲ್ಲಿ ಬಂತು. ಅಂದು ದೂರು ಬರೆಸುವ ಪಾಠವೇ ಇತ್ತು. ಮೊದಲು ಬೈಯುವ ಪೊಲೀಸಾದೆ. ಡಬ್ಬಿ ಕುಟ್ಟುವುದರಲ್ಲಿ ನಾನು ಮೇಡಂಗಿಂತ ಕಡಿಮೆಯೇನಲ್ಲ. ಎಲ್ಲರೂ ಪಾಸಾದರು. ಆಮೇಲೆ ಸಿಂಚನಾಳನ್ನು ಕರೆದು, ಅವಳೇ ತಂದ ಬಾದಾಮಿ ಹಾಲನ್ನು ಲೋಟಕ್ಕೆ ಬಗ್ಗಿಸಿ ಮುಂದಿಟ್ಟೆ. ಯಾರ ಮನೆ ಮಗು ನೀನು ಎಂದು ಆದಷ್ಟು ಪ್ರೀತಿಯಿಂದ ಕೇಳಿದೆ. ಅವಳು ಅಪ್ಪನ ಹೆಸರು, ಬೇಕರಿ ಇರುವ ರಸ್ತೆ, ಅಜ್ಜಿಯ ಊರು ಎಲ್ಲ ಹೇಳಿದಳು. ಹುಡುಗರು ನಕ್ಕರು. ನಾನು ಫೋನು ಕೈಗೆತ್ತಿಕೊಂಡು, ನಿಮ್ಮಪ್ಪನಿಗೆ ಒಂದು ಮಾತು ಹೇಳಿಬಿಡುತ್ತೇನಮ್ಮ ಎಂದೆ. ನಗು ನಿಂತಿತು.

ಇಷ್ಟು ವರ್ಷ ಪಾಠ ಈ ಜಾಗಕ್ಕೆ ಬಂದಾಗ ನಾನು ಕಲಿಸುತ್ತಿದ್ದದ್ದು ಒಂದೇ: ಲೋಟ ಮುಟ್ಟಬೇಡಿ. ನಾನೂ ಮುಟ್ಟದೆ ಬದುಕಿದ್ದೆ. ಸಿಂಚನಾ ಲೋಟ ಹಿಡಿದು, ಬಾಯಿಯವರೆಗೆ ತಂದು ನಿಲ್ಲಿಸಿ, ನನ್ನನ್ನೇ ನೋಡಿದಳು. ಅವಳಪ್ಪ ಕಾಯಿಸಿದ ಹಾಲು.

"ಕುಡೀಬಾರ್ದಾ ಮಿಸ್?"

ಅಂಗೈ ಬೆವರಿತ್ತು. ಆದರೂ ಫ್ಲಾಸ್ಕ್ ಎಳೆದುಕೊಂಡು ಇನ್ನೊಂದು ಲೋಟ ತುಂಬಿಸಿ ನಾನೇ ಮೊದಲು ಒಂದು ಗುಟುಕು ಕುಡಿದೆ. ಸಿಹಿ ಸ್ವಲ್ಪ ಜಾಸ್ತಿ.

"ಕುಡಿ," ಎಂದೆ. "ಕುಡಿದ ಮೇಲೂ ಕೇಳಬಹುದು."

ಅವಳು ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟಳು, ಮೇಲ್ದುಟಿಯ ಕೆನೆಯನ್ನು ಒರೆಸಿಕೊಂಡಳು. ಕೆಳಗೆ ಗಿರಣಿ ಶುರುವಾಗಿ ಮೇಜು ನಡುಗಿತು. ಅವಳು ಎರಡೂ ಕೈ ಮೇಜಿನ ಮೇಲಿಟ್ಟು ಅದನ್ನು ಹಿಡಿದುಕೊಂಡಳು.

"ಚೆನ್ನಾಗಿತ್ತು ಸರ್. ಅಪ್ಪನಿಗೆ ನಾನೇ ಹೇಳ್ಕೋತೀನಿ. ಈಗ ಬರ್ಕೊಳ್ಳಿ."