ಮಾವನವರ ಬಾಯಿಗೆ ಬಂದ ಯಂತ್ರ

ನಮ್ಮ ಮಾವನವರ ಬಾಯಿಗೆ ಯಂತ್ರ ಹಾಕಿದ ಕೀರ್ತಿ ನನ್ನದು. ಅವರ ಊರು ಕಮಲಾಪುರದಲ್ಲಿ ಈಗಲೂ ಯಾರಾದರೂ ಆ ವಿಷಯ ಎತ್ತಿದರೆ ನಮ್ಮ ಅತ್ತೆ ಒಂದು ಕ್ಷಣವೂ ತಡಮಾಡದೆ ನನ್ನ ಕಡೆ ಬೆರಳು ತೋರಿಸುತ್ತಾರೆ.

ಹೋದ ವರ್ಷ ಮಾವನವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಸಿಟ್ಟಂತೂ ಪೂರ್ತಿ ಉಳಿಯಿತು. ಬಲಗೈ ಮಾತ್ರ ಮುನಿಸಿಕೊಂಡಿತು. ಕೊಟ್ಟದ್ದನ್ನು ಹಿಡಿಯುತ್ತಿತ್ತು, ಹಿಡಿದದ್ದನ್ನು ಆಡಿಸುತ್ತಿರಲಿಲ್ಲ. ದಿನವೂ ಕೈಗೆ ವ್ಯಾಯಾಮ ಮಾಡಿಸಬೇಕೆಂದು ಅವರನ್ನು ಕಲಬುರಗಿಗೆ, ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಕರೆತಂದೆವು. ಎಮ್ಮೆಯನ್ನೂ ಬಾಳೆಯ ತೋಟವನ್ನೂ ನೋಡಿಕೊಳ್ಳಲು ಅತ್ತೆ ಊರಲ್ಲೇ ಉಳಿದರು. ಬಂದ ಮರುದಿನವೇ ಮಾವನವರು ಗೋಡೆಯ ಕ್ಯಾಲೆಂಡರಿನ ಎದುರು ನಿಂತು ತಮ್ಮ ತೀರ್ಪು ಹೇಳಿದರು: "ನನ್ನ ಮಾರಿ ನಾನೇ ತೊಳ್ಕೊಳ್ಳೋತನಕ ನಾ ಊರಿಗಿ ಹೋಗಂಗಿಲ್ಲ."

ಕಾರಣ ನನಗೆ ಗೊತ್ತಿತ್ತು. ಕಮಲಾಪುರದಲ್ಲಿ ಅವರು ಮುಖ ತೊಳೆಯುವುದು ಬಚ್ಚಲಲ್ಲಲ್ಲ, ಮನೆಯ ಮುಂದಿನ ಕಟ್ಟೆಯ ಮೇಲೆ. ಬೆಳಗಾದರೆ ನಾಲ್ಕೈದು ಜನ ಗೆಳೆಯರು ಬೇವಿನ ಕಡ್ಡಿ ಕಚ್ಚಿಕೊಂಡು ಬಂದು ಕೂರುತ್ತಾರೆ. ಕಡ್ಡಿಯನ್ನು ದವಡೆಗೆ ಒತ್ತಿಕೊಂಡೇ ಬಾಳೆಗೊನೆಯ ದರದಿಂದ ಹಿಡಿದು ಊರಿನ ಎಲ್ಲ ಮದುವೆಗಳವರೆಗೆ ಇತ್ಯರ್ಥ ಮಾಡುತ್ತಾರೆ. ಆ ಸಭೆಯ ಎದುರು ಮಗನೋ ಹೆಂಡತಿಯೋ ತಮ್ಮ ಬಾಯಿಗೆ ಕೈ ಹಾಕಿ ಹಲ್ಲು ತಿಕ್ಕುವುದನ್ನು ಮಾವನವರು ಸತ್ತರೂ ಒಪ್ಪುವವರಲ್ಲ.

ಎಡಗೈ ಗಟ್ಟಿಮುಟ್ಟಾಗಿತ್ತಲ್ಲ, ಅದರಿಂದ ತಿಕ್ಕಿಕೊಳ್ಳಬಾರದೇ ಎಂದು ನಮ್ಮ ಮನೆಯವರು ಕೇಳಿ ಅಪ್ಪನಿಂದ ಬೈಸಿಕೊಂಡರು. "ಲಿಂಗ ಕೂಡ್ಸಿ ಪೂಜಿ ಮಾಡೋ ಕೈ ಅದು. ಅದನ್ನ ಎಂಜಲ ಮಾಡು ಅಂತೀಯಲ್ಲ, ಬುದ್ಧಿ ಎಲ್ಲಿಟ್ಟಿ?" ಹೀಗಾಗಿ ನಮ್ಮ ಮನೆಯವರು ಬೆಳಗಿನ ಪಾಳಿಗೆ ಹೊರಡುವ ಮುನ್ನ ಅಪ್ಪನ ಗಲ್ಲ ಹಿಡಿದು, ಕರುವಿಗೆ ಗೊಟ್ಟದಲ್ಲಿ ಔಷಧ ಕುಡಿಸುವಂತೆ, ಹಲ್ಲು ತಿಕ್ಕಿ ಓಡುತ್ತಿದ್ದರು. ಮಾವನವರು ಆಮೇಲೆ ಒಂದು ತಾಸು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣಲ್ಲಿ ನೀರು ನಿಂತದ್ದನ್ನು ಒಮ್ಮೆ ಅಡಿಗೆಮನೆಯಿಂದ ಕಂಡೆ. ನನಗೆ ಬಹಳ ಕೆಟ್ಟದೆನಿಸಿತು.

ಅದೇ ವಾರ ಅಂಗಡಿಗೆ ಹೋಗಿ ಸೆಲ್ ಹಾಕುವ ಬ್ರಷ್ಷೊಂದನ್ನು ತಂದೆ. ಬರೀ ಹಿಡಿದುಕೊಂಡರೆ ಸಾಕು, ತಿಕ್ಕುವ ಕೆಲಸ ಅದರದ್ದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನಂಬುವ ವಯಸ್ಸು ನನ್ನದಲ್ಲ. ಆದರೂ ನಂಬಿದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಾನು ಸೊಸೆಯಾಗಿ ಬಂದು ಹದಿನೆಂಟು ವರ್ಷವಾದರೂ ಮಾವನವರೂ ನಾನೂ ನೇರವಾಗಿ ಮಾತಾಡಿದವರಲ್ಲ. ಜಗಳವೇನಿಲ್ಲ, ಆ ಮನೆಯ ರೀತಿಯೇ ಹಾಗೆ. ತಲೆಯ ಮೇಲೆ ಸೆರಗು, ನಡುವೆ ಅತ್ತೆ. "ಚಾ ಆರಾಕತ್ತದಂತ ಹೇಳ್ರಿ ಅತ್ತಿ" ಎಂದು ನಾನು, "ಸಕ್ರಿ ಕಮ್ಮಿ ಆಗ್ಯಾದಂತ ಹೇಳು" ಎಂದು ಅವರು. ಜೇವರ್ಗಿ ಕಾಲೋನಿಯಲ್ಲಿ ಅತ್ತೆ ಇರಲಿಲ್ಲ. ಮೊದಲು ಫ್ಯಾನಿಗೆ, ಕ್ಯಾಲೆಂಡರಿಗೆ ಹೇಳಿಕೊಂಡು ದಿನ ತಳ್ಳಿದೆವು. ಬ್ರಷ್ಷು ಬಂದ ಮೇಲೆ ಮಧ್ಯಸ್ಥಿಕೆಯೆಲ್ಲ ಅದರ ಪಾಲಿಗೆ ಬಂತು.

ಮಧ್ಯಸ್ಥಿಕೆಗೆ ಕೆಲಸವೂ ಕಡಿಮೆ ಇರಲಿಲ್ಲ. ಮೊದಲ ದಿನ ಮಾವನವರು ಪೇಸ್ಟು ಹಾಕಿದ ಬ್ರಷ್ಷನ್ನು ಬಾಯಿಗೆ ಇಡುವ ಮೊದಲೇ ಗುಂಡಿ ಒತ್ತಿದರು. ಪೇಸ್ಟು ಕನ್ನಡಿಗೆ, ಗೋಡೆಗೆ, ಅವರ ಮೀಸೆಗೆ ಹಾರಿತು. ಬಾಯಿಗೆ ಮಾತ್ರ ಸಿಗಲಿಲ್ಲ. ಬಾಯಲ್ಲಿಟ್ಟುಕೊಂಡು ಒತ್ತೋಣವೆಂದರೆ ಗುಂಡಿ ಕಲ್ಲಿನಷ್ಟು ಗಟ್ಟಿ. ಹಿಡಿ ಪೂರ್ತಿ ದುಂಡಗೆ, ಎಲ್ಲಿಟ್ಟರೂ ಉರುಳಿ ಬಚ್ಚಲಿಗೆ ಬೀಳುವುದು. ಅದಕ್ಕೆ ನಾಲ್ಕು ರಬ್ಬರ್ ಬ್ಯಾಂಡ್ ಸುತ್ತಿ ಉರುಳಾಟ ನಿಲ್ಲಿಸಿದೆ. ತಳದ ಮುಚ್ಚಳದ್ದಂತೂ ಬೇರೆಯೇ ಕತೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಮುಚ್ಚಳ ಹಿಡಿದು ಒತ್ತಿ ತಿರುವಿದರೆ ಮಾತ್ರ ತೆರೆಯುತ್ತದೆ. ಕೈ ಸೋತವರಿಗೆಂದೇ ಮಾರುವ ವಸ್ತುವಿಗೆ ಎರಡು ಕೈಯ ಪೈಲ್ವಾನ ಬೇಕಾಗುವ ಮುಚ್ಚಳ! ಒಳಗೆ ಸೆಲ್ ಯಾವ ಕಡೆಗೆ ಮುಖ ಮಾಡಬೇಕೆಂಬ ಗುರುತು ಕಪ್ಪಿನ ಮೇಲೆ ಕಪ್ಪು. ಇದನ್ನು ಮಾಡಿದ ಪುಣ್ಯಾತ್ಮ ಸಿಕ್ಕರೆ ಒಂದು ಕೈ ಬೆನ್ನಿಗೆ ಕಟ್ಟಿ ಇದೇ ಬ್ರಷ್ಷಿನಿಂದ ಹಲ್ಲು ತಿಕ್ಕಿಸಬೇಕೆಂದು ನನಗೆ ಬಹಳ ಆಸೆ.

"ಏನಪಾ ಮಶೀನಪ್ಪಾ, ನಿನಗ ಸೆಲ್ ಹಾಕಿದವ್ರು ಉಲ್ಟಾ ಹಾಕ್ಯಾರ ಕಾಣ್ತದ" ಎನ್ನುತ್ತಿದ್ದರು ಮಾವನವರು, ಬ್ರಷ್ಷನ್ನು ಮುಖದೆದುರು ಹಿಡಿದು.

"ಸೀದಾನೇ ಹಾಕ್ಯಾರಂತ ಹೇಳಪಾ" ಎನ್ನುತ್ತಿದ್ದೆ ಬಾಗಿಲ ಆಚೆಯಿಂದ. "ಗುಂಡಿ ಜೋರಲೇ ಒತ್ತಬೇಕಂತ ಹೇಳು."

ಬ್ರಷ್ಷು ಯಾರ ಮಾತನ್ನೂ ತಿರುಚದೆ ಮುಟ್ಟಿಸುತ್ತಿತ್ತು. ಅತ್ತೆಗಿಂತ ವಾಸಿ.

ಅದಕ್ಕೆ ಇನ್ನೊಂದು ರೋಗವಿತ್ತು. ಅರ್ಧ ನಿಮಿಷ ಗುರ್ರೆಂದು ಒಮ್ಮೆ ಗಕ್ಕನೆ ತಡೆಯುವುದು. ತಡೆದ ಕೂಡಲೇ ಮಾವನವರು ಅದನ್ನು ಆರಿಸಿ ತಟ್ಟೆಯಲ್ಲಿಟ್ಟು ಎದ್ದುಬಿಡುತ್ತಿದ್ದರು. ನಾನು ಸೆಲ್ ಮುಗಿದಿರಬೇಕೆಂದು ಹೊಸದು ಹಾಕುತ್ತಿದ್ದೆ. ನಾನು ಹಳಸಲು ಸೆಲ್ ತರುತ್ತೇನೆಂದು ಅವರ ಗುಮಾನಿ, ಅವರು ನೀರಲ್ಲಿ ಅದ್ದುತ್ತಾರೆಂದು ನನ್ನ ಗುಮಾನಿ. ಎದುರಿಗೆ ನಿಂತು "ಏನಾಗ್ಯಾದ್ರಿ" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಾವು ಕೇಳುವವರೇ? ಎಂಟು ದಿನ ಹೀಗೆ ನಡೆದ ಮೇಲೆ ಡಬ್ಬಿಯೊಳಗಿನ ಕಾಗದ ಬಿಚ್ಚಿ ಓದಿದೆ. ಒಂದು ಬದಿ ಆಯಿತು, ಇನ್ನೊಂದು ಬದಿಗೆ ಹೋಗಿ ಎಂದು ಹೇಳುವ ಸೂಚನೆಯಂತೆ ಅದು! ಎಂಟು ದಿನ ನಮ್ಮ ಮಾವನವರು ಎಡಗಡೆಯ ಹಲ್ಲಷ್ಟೇ ತಿಕ್ಕಿದ್ದರು. ಮೊರದಲ್ಲಿ ರಾಶಿ ಬಿದ್ದಿದ್ದ, ಇನ್ನೂ ಜೀವವಿದ್ದ ಸೆಲ್‌ಗಳನ್ನು ನೋಡಿ ಒಬ್ಬಳೇ ಬಿದ್ದು ಬಿದ್ದು ನಕ್ಕೆ.

ತಿಂಗಳೊಪ್ಪತ್ತಿನಲ್ಲಿ ಮಾವನವರು ಪಳಗಿದರು. ಯಾರ ಸಹಾಯವೂ ಇಲ್ಲದೆ ತಿಕ್ಕಿ, ಉಗುಳಿ, ವಿಭೂತಿ ಧರಿಸಿ ಪೂಜೆಗೆ ಕೂತರು. "ಮಶೀನಪ್ಪಾ, ಊರಿಗಿ ಹೋಗೋಣು ನಡಿ" ಎಂದರು. ಮನೆಯವರಿಗೆ ಖುಷಿಯೋ ಖುಷಿ. ನನಗೆ ಒಳಗೊಳಗೇ ಅಳುಕು. ಮೊಣಕೈಯನ್ನು ಪಕ್ಕೆಗೆ ಆನಿಸಿಕೊಂಡು ಅವರು ಬ್ರಷ್ಷನ್ನು ಸುಮ್ಮನೆ ಹಿಡಿದಿರುತ್ತಿದ್ದರು. ಬದಿ ಬದಲಿಸಬೇಕಾದರೆ ಕೈಯಲ್ಲ, ತಲೆಯನ್ನೇ ತಿರುಗಿಸುತ್ತಿದ್ದರು. ವ್ಯಾಯಾಮ ಮಾಡಿಸುವ ಹುಡುಗಿ ಪ್ರತಿ ಸಲ ಹೇಳುತ್ತಿದ್ದಳು: "ಕೈ ತಾನಾಗಿ ಆಡಬೇಕ್ರಿ ಅಕ್ಕಾ. ಎಲ್ಲಾ ಮಶೀನೇ ಮಾಡಿದ್ರ ಅದು ಯಾಕ ಆಡ್ತದ?" ನನ್ನ ಜಾಣತನದಿಂದಲೇ ಆ ಕೈ ಶಾಶ್ವತವಾಗಿ ಮಲಗಿಬಿಟ್ಟರೆ ಎಂಬ ಭಯ ನನ್ನನ್ನು ಬಿಡಲೇ ಇಲ್ಲ. ಇದನ್ನು ಯಾರಿಗೂ ಹೇಳಲಿಲ್ಲ, ಬ್ರಷ್ಷಿಗೂ ಹೇಳಲಿಲ್ಲ.

ಒಂದು ಶನಿವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆವು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಎಂದಿಗಿಂತ ದೊಡ್ಡ ಸಭೆ. ಮಾವನವರು ನಡುವೆ ಕೂತು, ಬಲಗೈಯಲ್ಲಿ ಬ್ರಷ್ಷು ಹಿಡಿದು, ಎಲ್ಲರಿಗೂ ಒಮ್ಮೆ ತೋರಿಸಿ ಬಾಯಿಗಿಟ್ಟು ಗುಂಡಿ ಒತ್ತಿದರು. ಗುರ್ರ್ ಎಂದಿತು. ಗೆಳೆಯರು ಕಡ್ಡಿ ಕಚ್ಚುವುದನ್ನೇ ಮರೆತು ನೋಡಿದರು.

"ಭಾರಿ ಅದ ಬಿಡ್ರಿ ಗೌಡ್ರ" ಎಂದರು ಒಬ್ಬರು. "ಹೊಲ ಹೊಡಿಯೋ ಟ್ರ್ಯಾಕ್ಟರ್ ಆತಿದು."

ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಅಷ್ಟರಲ್ಲಿ ಸದ್ದು ಸಣ್ಣಗಾಯಿತು, ಎಳೆಯಿತು, ನಿಂತೇಹೋಯಿತು. ಈ ಸಲ ನಿಜವಾಗಿಯೂ ಸೆಲ್ ಸತ್ತಿತ್ತು. ಹೊಸ ಸೆಲ್ ನನ್ನ ಕೈಯಲ್ಲೇ ಇತ್ತು, ಆದರೆ ಗಂಡಸರ ಕಟ್ಟೆಗೆ ನಾನು ಹೋಗುವುದು ಹೇಗೆ? ಅವರು ತಾವೇ ಎದ್ದು ಬಂದು ಆ ಹಾಳು ಮುಚ್ಚಳ ತೆಗೆಸಿಕೊಂಡರೆ ಕೈ ಇನ್ನೂ ಸೋತೇ ಇದೆಯೆಂದು ಊರಿಗೆಲ್ಲ ಗೊತ್ತಾಗುತ್ತದೆ.

ಆಗ ಮತ್ತೆ ಸದ್ದು ಶುರುವಾಯಿತು. ಗುರ್ರ್, ಗುರ್ರ್. ಮೊದಲಿಗಿಂತ ದಪ್ಪ ದನಿ. ಕಿವಿಗೊಟ್ಟು ಕೇಳಿದೆ. ಸತ್ತ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡು ನಮ್ಮ ಮಾವನವರೇ ಗಂಟಲಿನಿಂದ ಗುರ್ರೆನ್ನುತ್ತಿದ್ದರು! ಕಣ್ಣು ನೆಟ್ಟಗೆ, ಮುಖ ಗಂಭೀರ. ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆದೆ. ಗೆಳೆಯರು ತಲೆದೂಗುತ್ತಲೇ ಇದ್ದರು.

ಸದ್ದೇನೋ ಬಂತು. ಆದರೆ ಬಾಯಲ್ಲಿ ಬ್ರಷ್ಷು ಅಲುಗದಿದ್ದರೆ ನೋಡುವವರಿಗೆ ತಿಳಿಯದೇ? ಅದು ಅವರಿಗೂ ಹೊಳೆದಿರಬೇಕು. ಮೊಣಕೈ ಪಕ್ಕೆ ಬಿಟ್ಟು ಎದ್ದಿತು. ಬ್ರಷ್ಷು ಒಂದು ಗುಂಜಿಯಷ್ಟು ಮುಂದೆ ಹೋಯಿತು, ನಡುಗಿತು, ಹಿಂದೆ ಬಂತು. ಮತ್ತೆ ಮುಂದೆ. ನೊರೆ ಧೋತರದ ಮೇಲೆ ಸುರಿಯುತ್ತಿತ್ತು, ಹಣೆಯ ಮೇಲೆ ಬೆವರು. ಗುರ್ರೆನ್ನುತ್ತಲೇ ಇದ್ದರು, ಬಲಗೈ ಹೋಗುತ್ತಿತ್ತು, ಬರುತ್ತಿತ್ತು. ನನ್ನ ನಗು ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು.

ಹಿಂದಿನಿಂದ ಅತ್ತೆ ಬಂದು ಸಂದಿಯಲ್ಲಿ ಇಣುಕಿದರು. "ಅಯ್ಯ, ಸೆಲ್ ಹೋದುವಲ್ಲ! ತಾ ಇಲ್ಲಿ, ನಾ ಕೊಟ್ಟು ಬರ್ತೀನಿ" ಎಂದು ನನ್ನ ಕೈಗೆ ಕೈ ಹಾಕಿದರು. ನಾನು ಮುಷ್ಟಿ ಬಿಗಿ ಹಿಡಿದೆ.

"ಬ್ಯಾಡ್ರಿ ಅತ್ತಿ. ಈಗ ಸೆಲ್ ಕೊಟ್ಟರ ಕೈ ನಿಂತುಬಿಡ್ತದ."