ಹಸಿರು ದೀಪ ಹೇಳಿದ ಸುಳ್ಳು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಉಪಗ್ರಹ ಸಂಚರಣೆಯ ರಿಸೀವರ್ ವಿನ್ಯಾಸ ತಂಡದ ಮುಖ್ಯಸ್ಥೆ. ನಮ್ಮ ರಿಸೀವರ್ ಎಲ್-5 ಮತ್ತು ಎಸ್ ಎಂಬ ಎರಡು ಆವರ್ತನ ಬ್ಯಾಂಡ್‌ಗಳಲ್ಲಿ ಸಿಗ್ನಲ್ ಹಿಡಿಯುತ್ತಿತ್ತು. ಒಂದು ಕೆಟ್ಟರೆ ತನ್ನನ್ನು ತಾನೇ ಮಾರ್ಪಡಿಸಿಕೊಂಡು ಇನ್ನೊಂದರಲ್ಲಿ ಮುಂದುವರಿಯುತ್ತಿತ್ತು. ವಾತಾವರಣದ ಮೇಲ್ಪದರದಲ್ಲಿ ಸಿಗ್ನಲ್ ತಡವಾಗುತ್ತದೆ. ಎರಡು ಬ್ಯಾಂಡ್ ತಾಳೆ ನೋಡಿದರೆ ಆ ತಪ್ಪನ್ನು ಕಳೆಯಬಹುದು. ಒಂದೇ ಉಳಿದರೆ ಸ್ಥಳದ ಲೆಕ್ಕ ಕೆಲವು ಮೀಟರ್ ಜಾರುತ್ತದೆ. ಬ್ಯಾಂಡ್ ಬದಲಾದರೂ ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಆರಕೂಡದೆಂದು ಹಟ ಹಿಡಿದವಳು ನಾನೇ. ಬಳಸುವವರಿಗೆ ಸುಮ್ಮನೆ ಗಾಬರಿ ಯಾಕೆ ಎಂಬ ಅತಿಜಾಣತನ.

ಬಯಲು ಪರೀಕ್ಷೆಗೆ ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ಉಟಗಿ ಹತ್ತಿರದ ಹೊಲಕ್ಕೆ ಹೋದೆವು. ಹೊಲ ಸಿದ್ದಪ್ಪನದು, ಪಕ್ಕದ್ದು ಅವನ ದೊಡ್ಡಪ್ಪನ ಮಗ ಮಲ್ಲಪ್ಪನದು. ನಡುವಿನ ಒಡ್ಡನ್ನು ಜೆಸಿಬಿ ಕಿತ್ತು ಗಡಿಕಲ್ಲು ಕಾಣೆಯಾಗಿತ್ತು. ಹಳೆಯ ಮೋಜಣಿಯ, ಅಂದರೆ ಸರ್ವೆಯ, ಕಾಗದದಲ್ಲಿ ಆ ಕಲ್ಲುಗಳ ಅಕ್ಷಾಂಶ, ರೇಖಾಂಶ ಇದ್ದವು.

"ಬಾಯಾರ, ಒಡ್ಡು ಎಲ್ಲಿತ್ತು ತೋರಸ್ರಿ. ನಮ್ಮ ಜಗಳ ಮುಗೀತದ," ಎಂದ ಸಿದ್ದಪ್ಪ ನನಗೆ.

ನಮ್ಮದು ಮೋಜಣಿಯ ಯಂತ್ರವಲ್ಲ, ಪರೀಕ್ಷೆಯ ಮಾದರಿ ಅಷ್ಟೇ. ಬೇಡ ಎನ್ನಬೇಕಿತ್ತು. ಆದರೆ ಅವನ ನಂಬಿಕೆಗೆ ಉಬ್ಬಿ ಕಾಗದದ ಅಂಕಿಗಳನ್ನು ರಿಸೀವರಿಗೆ ತುಂಬಿಸಿ ನಡೆದೆ. ದೀಪ ಹಸಿರಾಗಿಯೇ ಇತ್ತು. ನಾನು ನಿಂತಲ್ಲೆಲ್ಲ ಸಿದ್ದಪ್ಪ ಸುಣ್ಣದ ಪುಡಿ ಸುರಿಯುತ್ತ ಬಂದ. ಗೆರೆ ಮಲ್ಲಪ್ಪನ ದಾಳಿಂಬೆಯ ಮೊದಲ ಸಾಲನ್ನು ದಾಟಿತು; ಆ ಸಾಲು ಸಿದ್ದಪ್ಪನ ಪಾಲಿಗೆ ಬಂತು.

ಸಿದ್ದಪ್ಪ ಕೊಡಲಿ ತಂದು ಗಿಡ ಕಡಿಯತೊಡಗಿದ. ಕಾಯಿ ತುಂಬಿದ ಗಿಡಗಳು ಒಂದೊಂದಾಗಿ ಉರುಳಿದವು. ಗಾಬರಿಯಿಂದ ರಿಸೀವರಿಗೆ ಜೋಡಿಸಿದ್ದ ಲ್ಯಾಪ್‌ಟಾಪ್ ನೋಡಿದೆ. ಎಸ್ ಬ್ಯಾಂಡ್ ಸತ್ತಿತ್ತು. ರಿಸೀವರಿನ ಪಕ್ಕದಲ್ಲೇ ನಾನಿಟ್ಟಿದ್ದ ಮೊಬೈಲಿನ ಹಾಟ್‌ಸ್ಪಾಟ್ ಅದನ್ನು ಮುಳುಗಿಸಿತ್ತು. ಎರಡರ ಆವರ್ತನ ಅಕ್ಕಪಕ್ಕ.

"ನಿಲ್ಲಿಸಿ! ಗೆರೆ ತಪ್ಪಾಗಿದೆ!" ಎಂದು ಕೂಗಿದೆ.

"ಹಸರ ದೀಪ ಹತ್ತಿತ್ತಲ್ರಿ! ನಮ್ಮಲ್ಲಿ ಸುಣ್ಣ ಬಿತ್ತಂದ್ರ ಮಾತ ಮುಗೀತು," ಎಂದು ಸಿದ್ದಪ್ಪ ಇನ್ನೊಂದು ಗಿಡಕ್ಕೆ ಕೊಡಲಿ ಬೀಸಿದ.

ಅಷ್ಟರಲ್ಲಿ ಮಲ್ಲಪ್ಪ ಹಾರೆ ಹಿಡಿದು ಓಡಿಬಂದ. ಮೊದಲ ಏಟಿಗೆ ಸಿದ್ದಪ್ಪ ಭುಜ ಜೋತುಬಿದ್ದು ನೆಲಕ್ಕುರುಳಿದ. ಎದ್ದವನೇ ಅವನು ಎಡಗೈಯಲ್ಲಿ ಕಲ್ಲೆತ್ತಿ ಮಲ್ಲಪ್ಪನ ಹಣೆ ಒಡೆದ. ಕಣ್ಣಿಗೆ ರಕ್ತ ಇಳಿದ ಮಲ್ಲಪ್ಪ ಕುರುಡನಂತೆ ಹಾರೆ ಬೀಸಿದ. ಅವನ ಹೆಂಡತಿ ಕಸ್ತೂರವ್ವ, "ಅಣ್ಣತಮ್ಮರು ಅದೀರಿ, ಬಿಡ್ರೋ!" ಎನ್ನುತ್ತ ನಡುವೆ ನುಗ್ಗಿದಳು. ಏಟು ಆಕೆಯ ಮೊಣಕೈಗೆ ಬಿತ್ತು. ಮೂಳೆ ಮುರಿದ ಸದ್ದು ನಾನಿದ್ದಲ್ಲಿಗೆ ಕೇಳಿಸಿತು. ಸುಣ್ಣದ ಮೇಲೆ ಮೂವರ ರಕ್ತ ಬಿದ್ದಿತ್ತು.

ನಮ್ಮ ಜೀಪಿನಲ್ಲೇ ಮೂವರನ್ನೂ ಜತ್ತಿನ ಆಸ್ಪತ್ರೆಗೆ ಒಯ್ದೆವು. ತಪ್ಪು ನನ್ನದೆಂದು ಪೊಲೀಸರಿಗೆ ಬರೆದುಕೊಟ್ಟೆ. ಎಲುಬಿಗೆ ಪಟ್ಟಿ ಕಟ್ಟಿಸಿಕೊಂಡ ಕಸ್ತೂರವ್ವ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಆ ದೀಪಕ್ಕ ಗೊತ್ತಿರಲಿಲ್ಲಂದ್ರ ಗೊತ್ತಿಲ್ಲ ಅನಬೇಕಿತ್ತಲ್ರಿ, ಬಾಯಾರ?" ಎಂದು ಮಾತ್ರ ಕೇಳಿದಳು.

ಊರಿಗೆ ಮರಳಿದ ಮೇಲೆ ವಿನ್ಯಾಸ ಬದಲಿಸಿದೆ. ಒಂದು ಬ್ಯಾಂಡ್ ಸತ್ತರೂ ದೀಪ ಕೆಂಪಾಗಬೇಕು. "ಮಾತೆತ್ತಿದರೆ ಕೆಂಪು ಹತ್ತುವ ಯಂತ್ರವನ್ನು ಯಾರು ಕೊಳ್ಳುತ್ತಾರೆ?" ಎಂದು ಸಹೋದ್ಯೋಗಿಗಳು ರೇಗಿದರು. ನಾನು ಜಗ್ಗಲಿಲ್ಲ. ಯಂತ್ರ ತಪ್ಪಬಹುದು, ತಪ್ಪಿದ್ದನ್ನು ಅದು ಮುಚ್ಚಿಟ್ಟರೆ ಆ ಪಾಪ ಅದನ್ನು ತಯಾರಿಸಿದವರದು. ಇದನ್ನು ನನಗೆ ಕಲಿಸಿದ್ದು ಯಾವ ಪ್ರಯೋಗಾಲಯವೂ ಅಲ್ಲ.

ಮರುವರ್ಷ ಸರ್ಕಾರಿ ಮೋಜಣಿಯವರು ಬಂದು ಅಳೆದರು. ಆ ದಾಳಿಂಬೆ ಸಾಲು ಮಲ್ಲಪ್ಪನದೇ. ಕಸ್ತೂರವ್ವ ಅಲ್ಲಿ ಹೊಸ ಸಸಿ ನೆಟ್ಟಿದ್ದಾಳೆ, ಒಂದೇ ಕೈಯಲ್ಲಿ.