ಬ್ಲಾಕಿನ ಬುಡದ ಚುಕ್ಕೆ

ಕನಕರಾಜು ಟೀ ಕುಡಿಯುವಾಗಲೂ ಒಂದು ಕಣ್ಣನ್ನು ಸ್ಪ್ಯಾನರ್ ಡಬ್ಬದ ಮೇಲೇ ಇಟ್ಟಿರುತ್ತಿದ್ದ. ಕಿರಂಗೂರಿನವನು. ಅಪ್ಪ ಚಿಕ್ಕಸಿದ್ದಯ್ಯ ಕಬ್ಬಿನ ಗಾಡಿ ಹೊಡೆದು ಬದುಕಿದವನು. ‘ತೂಕದ ಕಲ್ಲಿಗೂ ಕಾಲಿರ್ತವೆ ಕಣ್ಲಾ ಮಗ’ ಎಂದು ಹೇಳಿಕೊಡುತ್ತಲೇ ಮಗನನ್ನು ಬೆಳೆಸಿದ್ದ. ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದ ಮಗ ಬೇರೆ ಪಾಠ ಮರೆತರೂ ಇದೊಂದನ್ನು ಮರೆಯಲಿಲ್ಲ.

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ತಗಡಿನ ಶೆಡ್ಡು. ಹಳೇ ಜಪಾನ್ ಎಂಜಿನ್ನುಗಳನ್ನು ಬಿಚ್ಚಿ ಕಟ್ಟುವುದರಲ್ಲಿ ಅವನ ಸಮ ಯಾರೂ ಇಲ್ಲ ಎಂದು ನಾಗಮಂಗಲದವರೂ ಒಪ್ಪುತ್ತಿದ್ದರು. ಜಾರುವ ಗೇರು ಕಚ್ಚುವಂತೆ ಮಾಡುತ್ತಿದ್ದ. ಪಿಸ್ಟನ್ ಓಡಾಡುವ ಬ್ಲಾಕಿನೊಳಗಿನ ಕಿಂಡಿಗಳನ್ನು ಅರದಿಂದ ಉಜ್ಜಿ ಅಗಲ ಮಾಡಿ, ಸೊರಗಿದ ಬೈಕನ್ನು ಹೋರಿಯಂತೆ ನುಗ್ಗಿಸುತ್ತಿದ್ದ. ಕೇಳಿದವರಿಗೆಲ್ಲ ಒಂದೇ ಮಾತು: ‘ಬ್ಲಾಕಿನ ಬುಡದಾಗೆ ಕೂದಲೆಳೆಯಷ್ಟು ಸಂದಿದ್ರೂ ಸಾಕು, ಗಾಳಿ ಈರ್ಕೊಂಡು ಎಂಜಿನ್ ಸುಟ್ಟೋಯ್ತದೆ.’

ಅವನ ಕೈಯಲ್ಲಿಲ್ಲದ್ದು ಒಂದೇ, ಬೋರಿಂಗ್ ಮಿಷನ್ನು. ಸವೆದ ಬ್ಲಾಕನ್ನು ಒಳಗೆ ಕೊರೆದು ಸಮ ಮಾಡಲು ಪಾಂಡವಪುರದ ಕುಳ್ಳಯ್ಯನ ಹತ್ತಿರವೇ ಹೋಗಬೇಕು. ಕುಳ್ಳಯ್ಯ ಹೊಸಬನಲ್ಲ. ಇಬ್ಬರೂ ಹುಡುಗರಾಗಿದ್ದಾಗ ಪಾಂಡವಪುರದ ಟ್ರಾಕ್ಟರ್ ಶೆಡ್ಡೊಂದರಲ್ಲಿ ಕೆಲಸ ಕಲಿಯುತ್ತ, ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ತಿಂದವರು. ಈಗಲೂ ಯಾವ ಹಬ್ಬವಾದರೂ ಒಬ್ಬರ ಮನೆಯಲ್ಲಿ ಇನ್ನೊಬ್ಬರ ಎಲೆ ಬೀಳಲೇಬೇಕು.

ಆದರೂ ಕನಕರಾಜು ಕಳಿಸುವ ಪ್ರತಿ ಬ್ಲಾಕಿನ ಹೊರಮೈಯ, ಗಾಳಿಗೆ ತಣ್ಣಗಾಗುವ ರೆಕ್ಕೆಯ ಮೇಲೆ ಪಂಚಿನ ಮೊನೆಯಿಂದ ಒಂದು ಚುಕ್ಕೆ ಹೊಡೆದು ಕಳಿಸುತ್ತಿದ್ದ. ಮುದ್ದೆ ಬೇರೆ, ಮಾಲು ಬೇರೆ. ಜಪಾನಿನಲ್ಲೇ ಎರಕ ಹೊಯ್ದ ಬ್ಲಾಕು ಕೈಗೆ ಸಿಕ್ಕರೆ ಯಾರ ಮನಸ್ಸು ಕೆಡುವುದಿಲ್ಲ, ಹೇಳಿ? ಅದನ್ನು ಒಳಗಿಟ್ಟುಕೊಂಡು ಲೋಕಲ್ ಮಾಲು ಕಳಿಸಿದರೆ ಕೇಳುವವರು ಯಾರು?

ತೊಂಬತ್ತಾರರ ಬೇಸಿಗೆಯಲ್ಲಿ ಕೆ.ಆರ್. ಪೇಟೆಯ ಕೊಬ್ಬರಿ ವ್ಯಾಪಾರಿ ಶಿವಣ್ಣ ತನ್ನ ಹಳೇ ಯಮಹ ತಂದ. ಅವನು ಇನ್ನೂ ದೊಡ್ಡ ಅನುಮಾನದ ಗಿರಾಕಿ. ಎಂಜಿನ್ ಬಿಚ್ಚಿದಷ್ಟು ಹೊತ್ತೂ ಸ್ಟೂಲ್ ಹಾಕಿಕೊಂಡು ಎದುರಿಗೇ ಕೂತ.

“ಏನ್ ಶಿವಣ್ಣೋರೆ, ಉಚ್ಚೆಗೂ ಏಳಲ್ವಾ?”

“ನಾ ಎದ್ರೆ ನನ್ ಪಿಸ್ಟನ್ನೂ ಎದ್ದೋಯ್ತದೆ ಬುಡು.”

ಕನಕರಾಜುವಿನ ಮೈ ಉರಿಯಿತು. ಆದರೆ ಆ ಮಾತು ಉರಿಸಿದ್ದಷ್ಟೇ ಅಲ್ಲ, ತಲೆಗೊಂದು ಹುಳವನ್ನೂ ಬಿಟ್ಟಿತು. ರೆಕ್ಕೆಯ ಮೇಲಿನ ಚುಕ್ಕೆಯನ್ನು ಕುಳ್ಳಯ್ಯ ಇಷ್ಟು ವರ್ಷದಿಂದ ನೋಡುತ್ತಲೇ ಇದ್ದಾನೆ. ಅಂಥದೇ ಚುಕ್ಕೆ ಬೇರೆ ಬ್ಲಾಕಿಗೆ ಹೊಡೆಯಲು ಅವನಿಗೆಷ್ಟು ಹೊತ್ತು? ಈ ಸಲ ಬ್ಲಾಕನ್ನು ಮಗುಚಿ ಹಾಕಿ, ಸಂದಿ ಮುಚ್ಚುವ ಪ್ಯಾಕಿಂಗ್ ಕೂರುವ ಬುಡದ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಚುಕ್ಕೆ ಹೊಡೆದು ಕಳಿಸಿದ.

ಬ್ಲಾಕು ಬಂತು. ಚುಕ್ಕೆ ಇತ್ತು. ನಿಟ್ಟುಸಿರುಬಿಟ್ಟು ಕಟ್ಟಿಕೊಟ್ಟ. ಶಿವಣ್ಣ ಕೆ.ಆರ್. ಪೇಟೆ ಮುಟ್ಟುವ ಮೊದಲೇ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್ ಆಯಿತು.

ಬಿಚ್ಚಿದರೆ ಪಿಸ್ಟನ್ ಮೈತುಂಬ ಗೀರು. ಬುಡದ ಪ್ಯಾಕಿಂಗಿನ ಹತ್ತಿರ ಎಣ್ಣೆ ಜಿನುಗಿ ಕಪ್ಪಾಗಿತ್ತು. ಜಪಾನ್ ಬ್ಲಾಕಾಗಿದ್ದರೆ ಜಿನುಗುತ್ತಿತ್ತೇ? ಮತ್ತೆ ಕೊರೆಸಿದ, ಮತ್ತೆ ಕಟ್ಟಿದ. ಮತ್ತೆ ಸೀಜ್. ಈಗ ಕನಕರಾಜುವಿಗೆ ಅನುಮಾನವೇ ಉಳಿಯಲಿಲ್ಲ. ಬುಡದ ಚುಕ್ಕೆಯನ್ನೂ ಹುಡುಕಿ ನಕಲು ಹೊಡೆದಿದ್ದಾನೆ ಕಳ್ಳ! ಚುಕ್ಕೆ ಇಲ್ಲದಿದ್ದರೆ ಕುಳ್ಳಯ್ಯ ಕಳ್ಳ, ಇದ್ದರೆ ಇನ್ನೂ ದೊಡ್ಡ ಕಳ್ಳ. ಅನುಮಾನ ಹತ್ತಿದ ತಲೆ ನಡೆಯುವುದೇ ಹೀಗೆ.

ಅದನ್ನು ಬಾಯಿಬಿಟ್ಟು ಹೇಳಿದ್ದೇ ತಡ, ಶಿವಣ್ಣ ಶೆಡ್ಡಿನ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ. “ನನ್ ಬ್ಲಾಕು ನುಂಗ್ದೋರು ಯಾರ್ಲಾ? ನೀನೋ, ಅವ್ನೋ? ಗಂಜಾಂ ನಿಮಿಷಾಂಬನ ಗುಡಿ ತಾವ ಬಂದು ಕರ್ಪೂರ ಆರ್ಸಿ ಆಣೆ ಮಾಡಿ!”

“ನಾ ಮಾಡ್ತೀನಿ. ಅವ್ನೂ ಮಾಡ್ಲಿ!” ಎಂದುಬಿಟ್ಟ ಕನಕರಾಜು.

ಮನೆಗೆ ಬಂದು ಹೇಳಿದಾಗ ಹೆಂಡತಿ ಯಶೋಧ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. “ಆಣೆ ಬಿದ್ ಮನೇಲಿ ನೀರೂ ಮುಟ್ಟಂಗಿಲ್ಲ ಅಂತ ಗೊತ್ತಿಲ್ವಾ ನಿಮ್ಗೆ? ಕುಳ್ಳಣ್ಣ ಇನ್ನು ನಮ್ ಹೊಸ್ಲು ತುಳ್ಯಲ್ಲ.”

“ಕದ್ದೋನು ತುಳೀದಿದ್ರೆ ಒಳ್ಳೇದೇ.”

“ಕದ್ದಿಲ್ದಿದ್ರೆ?”

ಅವನು ತಟ್ಟೆ ಎಳೆದುಕೊಂಡು ಮುದ್ದೆ ಮುರಿದ. ಅರ್ಧ ಹಾಗೇ ಬಿಟ್ಟು ಕೈ ತೊಳೆದ.

ಶುಕ್ರವಾರ ಬೆಳಿಗ್ಗೆ ಗಂಜಾಮಿನಲ್ಲಿ ಗುಡಿಯ ಕೆಳಗೆ, ಹೊಳೆಯ ಮೆಟ್ಟಿಲ ಮೇಲೆ ಮೂವರೂ ಸೇರಿದರು. ತಕರಾರಿನ ಮಾಲು ಎದುರಿಗಿರಬೇಕು ಎಂದು ಶಿವಣ್ಣ ಪಟ್ಟು ಹಿಡಿದಿದ್ದರಿಂದ ಬ್ಲಾಕನ್ನು ಹೆಗಲಿನ ಚೌಕದಲ್ಲಿ ಸುತ್ತಿ ತಂದಿದ್ದ ಕನಕರಾಜು. ಕುಳ್ಳಯ್ಯ ಬಿಳಿ ಪಂಚೆ ಉಟ್ಟು, ತಲೆಗೆ ನೀರು ಹಾಕಿಕೊಂಡೇ ಬಂದಿದ್ದ. ಇವನ ಮುಖವನ್ನೂ ನೋಡಲಿಲ್ಲ.

“ಮೊದ್ಲು ನಾನೇ ಮಾಡ್ತೀನಿ,” ಎಂದ ಕುಳ್ಳಯ್ಯ, ವೀಳ್ಯದೆಲೆಯ ಮೇಲೆ ಕರ್ಪೂರ ಇಟ್ಟು. “ಆದ್ರೆ ಕೇಳ್ಕೊ ಕನಕ. ಇದು ಆರಿದ್ಮೇಲೆ ನಿನ್ ಮನೆ ನೀರು ನನಗ್ಬ್ಯಾಡ, ನನ್ ಮನೆ ನೀರು ನಿನಗ್ಬ್ಯಾಡ. ಬೋರಿಂಗ್ ಮಾತಂತೂ ಎತ್ಲೇಬ್ಯಾಡ.”

“ಆಣೆಗ್ ಮುಂಚೆ ಚುಕ್ಕೆ ತೋರುಸ್ತೀನಿ ತಾಳು. ನಕಲು ಚುಕ್ಕೆ!” ಎಂದು ಕನಕರಾಜು ಬ್ಲಾಕು ಮಗುಚಿ, ಬುಡದ ಮೇಲೆ ಹೆಬ್ಬೆಟ್ಟು ಆಡಿಸುತ್ತ ಬಂದ.

ಉಗುರು ಸಿಕ್ಕಿಕೊಂಡಿತು.

ಮತ್ತೆ ಆಡಿಸಿದ. ಮತ್ತೆ ಅಲ್ಲೇ ಸಿಕ್ಕಿತು. ಪಂಚು ಹೊಡೆದ ಗುಂಡಿಯ ಸುತ್ತ ಮೆತ್ತನೆಯ ಅಲ್ಯೂಮಿನಿಯಂ ಎದ್ದು, ರಾಗಿ ಕಾಳಿಗಿಂತ ಸಣ್ಣ ದಿಬ್ಬವಾಗಿ ನಿಂತಿತ್ತು. ರೆಕ್ಕೆಯ ಮೇಲಾಗಿದ್ದರೆ ಏನೂ ಆಗುತ್ತಿರಲಿಲ್ಲ. ಬುಡದಲ್ಲಿ ಅದೇ ದಿಬ್ಬ ಬ್ಲಾಕನ್ನು ಎತ್ತಿ ಹಿಡಿದು, ಕೂದಲೆಳೆಯಷ್ಟು ಸಂದಿ ಬಿಟ್ಟಿತ್ತು. ಎಣ್ಣೆ ಜಿನುಗಿ ಕಪ್ಪಾಗಿದ್ದೂ ಅಲ್ಲೇ. ಕದ್ದವನು ಯಾರೂ ಇರಲಿಲ್ಲ. ಸುಟ್ಟವನು ಒಬ್ಬನಿದ್ದ.

ಕನಕರಾಜು ತಲೆ ಎತ್ತಿದ. ಶಿವಣ್ಣ ಹುಬ್ಬು ಗಂಟಿಕ್ಕಿ ಅವನನ್ನೇ ನೋಡುತ್ತಿದ್ದ. ಬಾಯಿ ಬಿಟ್ಟರೆ ಸಂಜೆಯೊಳಗೆ ಕೆ.ಆರ್. ಪೇಟೆ ಸಂತೆಯೆಲ್ಲ ನಗುತ್ತದೆ. ಬಿಡದಿದ್ದರೆ ಕುಳ್ಳಯ್ಯ ಆಣೆ ಮಾಡುತ್ತಾನೆ, ನಿಜವನ್ನೇ ಆಣೆ ಮಾಡುತ್ತಾನೆ, ಎದ್ದು ಹೋಗುತ್ತಾನೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಬೆಂಕಿಕಡ್ಡಿ ಗೀರಿದ ಸದ್ದು. ಕರ್ಪೂರ ಹತ್ತಿಕೊಂಡಿತು. ಅದನ್ನು ಆರಿಸಿ ಆಣೆ ಮಾಡಲು ಕುಳ್ಳಯ್ಯ ಅಂಗೈ ಎತ್ತಿದ.

“ಲೇ ತಡಿಯಲಾ!” ಕನಕರಾಜು ಎಲೆಗೆ ಕೈ ಬೀಸಿ ಹೊಡೆದ. ಎಲೆ, ಕರ್ಪೂರ ಎರಡೂ ಉರಿಯುತ್ತಲೇ ಹಾರಿ ಕಾವೇರಿಗೆ ಬಿದ್ದವು. “ನಂದು ಕಣ್ಲಾ ತೆಪ್ಪು! ನಾನೇ ಒಡ್ದಿರೋ ಚುಕ್ಕೆ. ನೋಡು, ಉಗುರ್ ಆಡ್ಸಿ ನೋಡು!”

ಕುಳ್ಳಯ್ಯ ಬ್ಲಾಕು ಇಸಿದುಕೊಂಡು ಉಗುರು ಆಡಿಸಿದ. ಬಹಳ ಹೊತ್ತು ಆಡಿಸಿದ.

“ಬುಡಕ್ಕೆ ಪಂಚ್ ಒಡೀತಾರೇನ್ಲಾ, ದನ ಕಾಯೋನೆ?”

“ಒಡ್ದೆ.”

“ಯಾಕ್ಲಾ?”

“ನೀನ್ ಕದ್ದೀಯ ಅಂತ.”

ಶಿವಣ್ಣ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ದುರುಗುಟ್ಟಿ ನೋಡಿದ. “ಇದೇನೋ ಇಬ್ರೂ ಸೇರ್ಕೊಂಡು ಆಡೋ ನಾಟ್ಕ ಇದ್ದಂಗದೆ,” ಎಂದ.

“ಏ, ಹೋಗಯ್ಯ ಅತ್ಲಾಗೆ!” ಎಂದು ಇಬ್ಬರೂ ಒಟ್ಟಿಗೇ ಗದರಿದರು.

ಆ ದಿಬ್ಬವನ್ನು ಅರದಿಂದ ಉಜ್ಜಿ, ಹೊಸ ಪಿಸ್ಟನ್ನನ್ನು ತನ್ನ ಕೈಯಿಂದಲೇ ಹಾಕಿ ಕಟ್ಟಿಕೊಟ್ಟ ಕನಕರಾಜು. ಬೈಕು ಆಮೇಲೆ ಸೀಜ್ ಆಗಲಿಲ್ಲ. ಆದರೆ ಶಿವಣ್ಣನ ನಾಲಿಗೆ ಸುಮ್ಮನಿರುತ್ತದೆಯೇ? ನಾಗಮಂಗಲದವರೂ ಬಂದು ‘ಚುಕ್ಕೆ ಕನಕಣ್ಣ ಇವ್ರಾ?’ ಎಂದು ಕೇಳತೊಡಗಿದರು. ಕೇಳಿದವರಿಗೆ ಸ್ಪ್ಯಾನರ್ ತೋರಿಸಿ ಓಡಿಸುತ್ತಿದ್ದ.

ಯುಗಾದಿಗೆ ಕುಳ್ಳಯ್ಯ ಬಂದು ಒಬ್ಬಟ್ಟು ತಿಂದು, ಯಶೋಧ ಕೊಟ್ಟ ನೀರನ್ನು ಚೊಂಬೆತ್ತಿ ಕುಡಿದು ಹೋದ. ಹೋಗುವಾಗ ಕೊರೆದ ಬ್ಲಾಕೊಂದನ್ನು ಕೊಟ್ಟ. ಅವನು ತಿರುವು ದಾಟುತ್ತಲೇ ಕನಕರಾಜು ಅದನ್ನು ಮಗುಚಿ ನೋಡಿದ. ಬುಡ ಕನ್ನಡಿಯಂತಿತ್ತು. ರೆಕ್ಕೆಯ ಮೇಲೆ ತನ್ನ ಚುಕ್ಕೆ ಇತ್ತು. ಅದರ ಪಕ್ಕದಲ್ಲಿ ತಾನು ಹೊಡೆಯದ ಇನ್ನೊಂದು ಚುಕ್ಕೆ.

ಕುಳ್ಳಯ್ಯನೂ ಗುರುತು ಹಾಕಲು ಶುರು ಮಾಡಿದ್ದ.